ಬಾಣಂತಿಗೆ ಗಾಳಿ

ದುಬೈ
27 ಡಿಸೆಂಬರ್ 2025

ಪ್ರೀತಿಯ ಮುರ್ಶಿದಾಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ನಾನಿಲ್ಲಿ ಸೌಖ್ಯವಾಗಿದ್ದೇನೆ, ಸೊಂಟ ಒಂದನ್ನು ಬಿಟ್ಟು. ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀರೋ, ಇಲ್ಲ ಬಾಟ್ಲಿ ನಾನಿಟ್ಟ ಜಾಗದಲ್ಲೇ ಧೂಳು ಹಿಡಿಯುತ್ತಿದೆಯೋ? ಚಹಾಕ್ಕೆ ಸಕ್ಕರೆ ಹಾಕುವುದೇ ಇಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿದಿರಿ. ಹಿಂದಿನಿಂದ ಮೊಯಿದಿನಬ್ಬ ನಕ್ಕದ್ದು ನನಗೆ ಕೇಳಿತು. ಅಂಗಡಿಯ ಬೆಂಚಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುವ ಮನುಷ್ಯ ನಗಬೇಕಾದರೆ ಅವನು ಏನನ್ನೋ ಕಂಡಿರಲೇಬೇಕು. ಉಜಿರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬೆಳುವಾಯಿಗೆ ಫೋನ್ ಮಾಡಿ ಸಣ್ಣ ಮಗಳು ಶಿಫಾನಾಳನ್ನು ವಿಚಾರಿಸುತ್ತಾ ಇರಿ. ಫೆಬ್ರವರಿಯಲ್ಲಿ ಅವಳಿಗೆ ಏಳು ತಿಂಗಳಾಗುತ್ತದೆ, ಗಂಡನ ಮನೆಯಿಂದ ಕಕ್ಕಿಂಜೆಗೆ ಕರೆತರಬೇಕು. ಅಷ್ಟರೊಳಗೆ ನಾನು ಬಂದಿರುತ್ತೇನೆ.

ವಾಟ್ಸಾಪ್ ಇರುವಾಗ ಕಾಗದ ಏಕೆ ಎಂದು ಕೇಳಬೇಡಿ. ನೀವು ಫೋನನ್ನು ಕಿವಿಗೆ ಇಡುವವರಲ್ಲ, ಸ್ಪೀಕರಿಗೆ ಹಾಕಿ ತಕ್ಕಡಿಯ ಪಕ್ಕ ಇಡುವವರು. ನಾನು ಇಲ್ಲಿ ಕೆಮ್ಮಿದರೆ ಅಲ್ಲಿ ಅರ್ಧ ಕಿಲೋ ಅವಲಕ್ಕಿಗೆ ಬಂದವರೂ ಮದ್ದು ಹೇಳುತ್ತಾರೆ. ಇಲ್ಲಿಯೂ ಹಾಗೇ, ಎರಡು ಕೋಣೆಯ ಮನೆಯಲ್ಲಿ ಗುಟ್ಟಿಗೆ ಜಾಗವಿಲ್ಲ. ನಾರಾವಿಯ ರಂಜಿತ್ ಎಂಬ ಹುಡುಗ ನಮ್ಮ ಅಳಿಯ ಮುಝಮ್ಮಿಲನ ಜೊತೆ ಕೆಲಸ ಮಾಡುವವನು, ಈ ರಾತ್ರಿಯ ವಿಮಾನಕ್ಕೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಡುತ್ತೇನೆ. ಇದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಬೇಡಿ. ಮನೆಗೆ ಹೋಗಿ, ಕನ್ನಡಕ ಹಾಕಿ, ಒಬ್ಬರೇ ಕೂತು ಓದಿ.

ನನಗೆ ಸಾಕಾಗಿಹೋಗಿದೆ. ಮೊದಲು ಅದನ್ನೇ ಬರೆದುಬಿಡುತ್ತೇನೆ. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕಾದದ್ದು ನಮ್ಮ ಕ್ರಮ. ಮುರ್ಶಿದಾಳಿಗೆ ರಕ್ತದೊತ್ತಡ ಇದೆ, ವಿಮಾನ ಹತ್ತಬಾರದು ಎಂದು ಡಾಕ್ಟರರು ಹೇಳಿದ ಕಾರಣಕ್ಕಲ್ಲವೇ ನಾನು ಎಣ್ಣೆ, ಲೇಹ್ಯ, ಮೆಂತೆ, ಲೋಬಾನವನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿಕೊಂಡು ಇಲ್ಲಿಗೆ ಬಂದದ್ದು? ಹೊರಡುವ ಮೊದಲು ಮುಝಮ್ಮಿಲನ ಉಮ್ಮ, ನಮ್ಮ ಬೀಗಿತ್ತಿ ಅವ್ವಮ್ಮ ಬಂಟ್ವಾಳದಿಂದ ಇದಕ್ಕಾಗಿಯೇ ಕಾರು ಮಾಡಿಕೊಂಡು ಬಂದು, ನಮ್ಮ ಚಾವಡಿಯಲ್ಲಿ ಕೂತು ಹೇಳಿದ್ದು ನಿಮ್ಮ ಎದುರಿಗೇ. "ಹೆರಿಗೆ ಎಲ್ಲಿ ಬೇಕಾದ್ರೂ ಆಗಲಿ ಜುಲೈಕಾ. ನಲ್ವತ್ತು ದಿನ ಮಾತ್ರ ನಮ್ಮ ಕ್ರಮದ ಹಾಗೇ ಆಗ್ಬೇಕು. ಬಾಣಂತಿಗೆ ಗಾಳಿ ತಾಗ್ಲಿಕ್ಕೆ ಬಿಡ್ಲಿಕ್ಕಿಲ್ಲ. ನಿಮ್ಮ ಮೇಲೆ ಬಿಟ್ಟದ್ದು." ನಾನು ಮಾತು ಕೊಟ್ಟೆ. ನೀವು ತಲೆಯಾಡಿಸಿದಿರಿ. ನಿಮ್ಮದು ಅಷ್ಟಕ್ಕೇ ಮುಗಿಯಿತು, ನನ್ನದು ಅಲ್ಲಿಂದ ಶುರುವಾಯಿತು.

ಗಾಳಿ ತಾಗಿಸದೆ ಇರಬೇಕಂತೆ, ಅದೂ ಈ ಊರಿನಲ್ಲಿ, ಈ ತಿಂಗಳಲ್ಲಿ. ನವೆಂಬರಿನಿಂದ ಇಲ್ಲಿಯವರಿಗೆ ಒಂದು ಬಗೆಯ ಹುಚ್ಚು ಹಿಡಿಯುತ್ತದೆ. ಯಾರೂ ಮನೆಯೊಳಗೆ ಕೂರುವುದಿಲ್ಲ. ಹಾಗೆಂದು ದೊಡ್ಡ ಚಳಿಯೇನೂ ಇಲ್ಲ, ನಮ್ಮ ಕಕ್ಕಿಂಜೆಯ ಬೆಳಗಿನಷ್ಟೇ. ಅದಕ್ಕೇ ಜಾಕೆಟ್ ಹಾಕಿಕೊಂಡು ಓಡುವವರು, ಸೈಕಲ್ ಬಿಡುವವರು, ಕಡಲ ಕರೆಯಲ್ಲಿ ಗಾಳಿಪಟ ಹಾರಿಸುವವರು, ಪಾರ್ಕಿನಲ್ಲಿ ಚಾಪೆ ಹಾಸಿ ಮಲಗುವವರು. ಕೋಳಿ ಸುಡಲಿಕ್ಕೆಂದೇ ಪಾರ್ಕಿನಲ್ಲಿ ಜಾಗ ಮಾಡಿಟ್ಟಿದ್ದಾರೆ. ಮನೆಯಲ್ಲಿ ಗ್ಯಾಸ್ ಒಲೆ ಇರುವವರು ಅಲ್ಲಿಗೆ ಹೋಗಿ ಹೊಗೆ ಕುಡಿದು, ಹೊರಗೆ ಕರಿ ಒಳಗೆ ಹಸಿ ಇರುವ ಕೋಳಿಯನ್ನು ತಿಂದು, ಎಂಥಾ ರುಚಿ ಎನ್ನುತ್ತಾರೆ. ನಮ್ಮ ಅಳಿಯನೂ ಆ ಪೈಕಿಯವನೇ. ಏಸಿ ರಿಪೇರಿ ಕಂಪನಿಯ ಸೂಪರ್‌ವೈಸರ್ ಆದ ಕಾರಣ ಬೇಸಿಗೆಯಲ್ಲಿ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಈಗ ಜನ ಏಸಿ ಬಂದ್ ಮಾಡಿದ್ದಾರೆ, ಅವನು ಬಿಡುವಾಗಿದ್ದಾನೆ. "ಮಾಮಿ, ಎಂಟು ತಿಂಗಳು ನಾವು ಗೋಡೆ ನೋಡಿಕೊಂಡು ಬದುಕ್ತೇವೆ. ಈ ನಾಲ್ಕು ತಿಂಗಳು ಆಕಾಶ ನೋಡದಿದ್ರೆ ಮತ್ತೆ ಯಾವಾಗ ನೋಡುವುದು?" ಎನ್ನುತ್ತಾನೆ. ಆಕಾಶ ನೋಡಲು ಇಷ್ಟೆಲ್ಲ ಸಾಮಾನು ಏಕೆ ಬೇಕೋ. ಹಾಲ್ ತುಂಬ ಡೇರೆ, ಮಡಚುವ ಕುರ್ಚಿ, ಇದ್ದಿಲಿನ ಚೀಲ, ಎರಡು ಸೈಕಲ್. ಐದು ಹೊತ್ತೂ ನಮಾಜಿಗೆ ಮುಸಲ್ಲಾ ಹಾಸಲು ನಾನು ಸೈಕಲ್ ಸರಿಸಬೇಕು.

ಹೆರಿಗೆಗೆ ಮೊದಲಿನ ವಾರಗಳಲ್ಲಿ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಸುತ್ತಾಡಿಸುವುದು ಎಂದರೆ ಏನು ಗೊತ್ತೇ? ಅವರೆಲ್ಲ ಸುತ್ತುವುದು, ನಾನು ಚಾಪೆಯಲ್ಲಿ ಕೂತು ಚೀಲ, ಚಪ್ಪಲಿ, ಫೋನು ಕಾಯುವುದು. ಹೊಟ್ಟೆ ಅಷ್ಟು ದೊಡ್ಡದಿರುವಾಗಲೂ ಮುರ್ಶಿದಾ ಪಾರ್ಕಿನ ಕೆರೆಗೆ ಸುತ್ತು ಹಾಕುತ್ತಿದ್ದಳು, ಹತ್ತು ಹೆಜ್ಜೆಗೊಮ್ಮೆ ಯಾರದ್ದಾದರೂ ಜೊತೆ ನಗು. ಈ ಊರಿನ ಚಳಿಗಾಲವೆಂದರೆ ಅವಳಿಗೆ ಪ್ರಾಣ. ಕಳೆದ ವರ್ಷ ಕಟ್ಟಡದ ಹೆಂಗಸರನ್ನೆಲ್ಲ ಸೇರಿಸಿ ಥ್ರೋಬಾಲ್ ಆಡಿಸಿದ್ದಳಂತೆ. ಕಕ್ಕಿಂಜೆಯಲ್ಲಿ ಶಾಲೆ ಬಿಟ್ಟ ಕೂಡಲೇ ಮನೆ ಸೇರುತ್ತಿದ್ದ ಹುಡುಗಿ ಇವಳೇನಾ ಎಂದು ನಾನು ಚಾಪೆಯಲ್ಲಿ ಕೂತು ನೋಡುತ್ತಿದ್ದೆ. ಆಗ ಬರೀ ಸಿಟ್ಟು ಬರುತ್ತಿತ್ತು, ಸುಳ್ಳು ಏಕೆ ಹೇಳಲಿ.

ಹೆರಿಗೆಯಾಗಿ ಮನೆಗೆ ಬಂದ ದಿನವೇ ನಾನು ನನ್ನ ಕೆಲಸ ಶುರು ಮಾಡಿದೆ. ಬಾಲ್ಕನಿಯ ಬಾಗಿಲಿನ ಸಂದಿಗೆ ಹಳೇ ಬೆಡ್‌ಶೀಟ್ ತುರುಕಿದೆ. ಏಸಿಯ ಕಿಂಡಿಗೆ ಪೇಪರ್ ಅಂಟಿಸಿದೆ. ಮುಝಮ್ಮಿಲ್ ಅದನ್ನು ನೋಡಿದ ನೋಟದಲ್ಲಿ ಅವನ ಉದ್ಯೋಗಕ್ಕೇ ನಾನು ಅವಮಾನ ಮಾಡಿದ ಹಾಗಿತ್ತು. ಮುರ್ಶಿದಾಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಕಟ್ಟು. ನಮ್ಮ ಮನೆಯ ಒಳಕೋಣೆಯ ಕಿಟಕಿಗೆ ಚಾರ್ಮಾಡಿಯ ಕಡೆಯ ಗಾಳಿ ಬರುತ್ತದೆಂದು ನನ್ನ ಉಮ್ಮ ಮೊಳೆ ಹೊಡೆಸಿದ್ದು ನಿಮಗೆ ನೆನಪಿದೆಯಲ್ಲ. ನಿಮ್ಮನ್ನೂ ಒಳಗೆ ಬಿಡುತ್ತಿರಲಿಲ್ಲ. ನೀವು ಹಿತ್ತಲಿನಿಂದ ಬಂದು ಕಿಟಕಿಯ ಹಲಗೆ ತಟ್ಟುತ್ತಿದ್ದಿರಿ, ನಾನು ನಿದ್ದೆಯಲ್ಲಿರುತ್ತಿದ್ದೆ. ಮುರ್ಶಿದಾ ಹುಟ್ಟಿದಾಗ ಹೊಡೆದ ಮೊಳೆ ಶಿಫಾನಾ ಹುಟ್ಟಿದಾಗಲೂ ಇತ್ತು, ಇವತ್ತಿಗೂ ಇದೆ. ನನಗೆ ಏನಾಯಿತು, ಏನೂ ಆಗಲಿಲ್ಲ ಎಂದು ಮುರ್ಶಿದಾಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ಬಂಟ್ವಾಳದಿಂದ ಅವ್ವಮ್ಮ ದಿನಾ ವಿಡಿಯೋ ಕಾಲ್ ಮಾಡಿ ತನಿಖೆ ಮಾಡುತ್ತಿದ್ದರು. ಕಿವಿ ತೋರಿಸು, ಬಾಗಿಲು ತೋರಿಸು, ಇವತ್ತು ಏನು ತಿಂದಳು. ನಾನು ಫೋನ್ ಹಿಡಿದುಕೊಂಡು ಮನೆಯ ಮೂಲೆಮೂಲೆ ತೋರಿಸುತ್ತಿದ್ದೆ.

ಏನು ತಿಂದಳು ಎಂಬುದಕ್ಕೆ ನಾನು ಹೇಳುತ್ತಿದ್ದದ್ದು ಅಷ್ಟೂ ಸುಳ್ಳು. ಅವಳು ತಿನ್ನುತ್ತಿರಲಿಲ್ಲ. ಮೆಂತೆ ಗಂಜಿ ತಟ್ಟೆಯಲ್ಲಿಯೇ ಆರಿ ಹೋಗುತ್ತಿತ್ತು. ಮಾತಿಲ್ಲ, ಬಯ್ದರೆ ಜಗಳವೂ ಇಲ್ಲ. ಮಗು ಫಿದಾಳಿಗೆ ಹಾಲು ಕೊಡುತ್ತಾಳೆ, ಕೊಟ್ಟ ಕೂಡಲೇ "ತೆಕ್ಕೊಳ್ಳಿ ಉಮ್ಮ" ಎಂದು ನನ್ನ ಕೈಗೆ ದಾಟಿಸಿ ಗೋಡೆಗೆ ತಿರುಗಿ ಮಲಗುತ್ತಾಳೆ. ಮಗುವಿನ ಮುಖ ನೋಡು ಮಗಳೇ ಎಂದರೆ "ನೋಡಿದೆ" ಎನ್ನುತ್ತಾಳೆ, ಕಣ್ಣು ಮುಚ್ಚಿಕೊಂಡೇ. ಸಂಜೆಯಾದರೆ ಕೆಳಗಿನಿಂದ ಮಕ್ಕಳ ಬೊಬ್ಬೆ, ಸುಟ್ಟ ಮಾಂಸದ ವಾಸನೆ, ಯಾರೋ ಹಾಡು ಹಾಕಿದ್ದು ಎಲ್ಲ ಮೇಲೆ ಬರುತ್ತದೆ. ಬೆಡ್‌ಶೀಟ್ ತುರುಕಿದರೆ ಗಾಳಿ ನಿಲ್ಲಬಹುದು, ಅದು ನಿಲ್ಲುವುದಿಲ್ಲ. ಅವಳು ಎದ್ದು ಪರದೆಯನ್ನು ಒಂದು ಬೆರಳಿನಷ್ಟು ಸರಿಸಿ ಗಾಜಿಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ಒಂದು ಭಾನುವಾರ ಮುಝಮ್ಮಿಲ್ ಸ್ನೇಹಿತರ ಜೊತೆ ಪಾರ್ಕಿಗೆ ಹೋಗಿ ಬಂದು ಅಂಗಿ ಕಳಚಿ ಕುರ್ಚಿಗೆ ಹಾಕಿದ. ಅವನು ಸ್ನಾನಕ್ಕೆ ಹೋದಾಗ ಇವಳು ಆ ಹೊಗೆವಾಸನೆಯ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಕೂತದ್ದನ್ನು ನಾನು ಬಾಗಿಲಿನಿಂದ ಕಂಡೆ. ಅವತ್ತು ಅಳಿಯನಿಗೆ ಬಾಯಿಗೆ ಬಂದ ಹಾಗೆ ಬಯ್ದೆ. ಅವನು, "ಡಾಕ್ಟರಿಗೆ ತೋರಿಸುವ ಮಾಮಿ, ನನಗೆ ಹೆದರಿಕೆ ಆಗ್ತದೆ" ಎಂದ. ಬಾಣಂತಿಗೆ ಬೇಜಾರಾದರೆ ಡಾಕ್ಟರೇ ಎಂದು ಅವನ ಬಾಯಿ ಮುಚ್ಚಿಸಿದೆ. ಹೆದರಿಕೆ ನನಗೂ ಆಗುತ್ತಿತ್ತು, ಆದರೆ ಮಾತು ಕೊಟ್ಟವಳು ನಾನು.

ಆಮೇಲೆ ಆದ ಮರ್ಯಾದೆಗೇಡಿನ ಕಥೆ ಕೇಳಿ. ಒಂದು ಸಂಜೆ ಮಗ್ರಿಬ್ ಹೊತ್ತಿಗೆ, ಅಳಿಯ ಕೆಲಸದಿಂದ ಇನ್ನೂ ಬಂದಿರಲಿಲ್ಲ, ನಾನು ಮುರ್ಶಿದಾಳ ತಲೆಗೆ ಎಣ್ಣೆ ಹಾಕಿ, ಮಗುವಿಗೆ ಹೊಗೆ ಕೊಡುವ ಎಂದು ಅವನ ಇದ್ದಿಲನ್ನೇ ಒಲೆಯಲ್ಲಿ ಕೆಂಪು ಮಾಡಿ ಲೋಬಾನ ಹಾಕಿದೆ. ನಮ್ಮ ಮನೆಯಲ್ಲಾದರೆ ಹೊಗೆ ಹಂಚಿನ ಸಂದಿಯಲ್ಲಿ ಹೋಗುತ್ತದೆ. ಇಲ್ಲಿ ಎಲ್ಲ ಕಿಂಡಿಗಳನ್ನೂ ನಾನೇ ಮುಚ್ಚಿದ್ದೇನಲ್ಲ. ಕೋಣೆ ತುಂಬಿತು, ಹಾಲ್ ತುಂಬಿತು. ಹೊಗೆ ಸ್ವಲ್ಪ ಹೋಗಲಿ ಎಂದು ಮೆಟ್ಟಿಲಿನ ಕಡೆಯ ಬಾಗಿಲು ತೆರೆದದ್ದೇ ತಡ, ಇಡೀ ಕಟ್ಟಡ ಕಿರುಚಲು ಶುರುವಾಯಿತು. ಬೆಂಕಿಯ ಗಂಟೆಯಂತೆ ಅದು. ಲಿಫ್ಟ್ ನಿಂತಿತು, ಕೆಂಪು ದೀಪ ಹೊತ್ತಿತು, ಎಲ್ಲ ಮನೆಗಳಿಂದ ಜನ ಮೆಟ್ಟಿಲಿಗೆ ನುಗ್ಗಿದರು. ನನಗೆ ತಲೆಯೇ ಓಡಲಿಲ್ಲ. ಕೈಯಲ್ಲಿ ಲೋಬಾನದ ಪಾತ್ರೆ, ಅದನ್ನು ಕೆಳಗಿಟ್ಟರೆ ಬೆಂಕಿ ಹತ್ತೀತು ಎಂದು ಹೆದರಿ ಅದನ್ನೇ ಹಿಡಿದುಕೊಂಡು ಓಡಿದೆ. ಮಗುವನ್ನು ಮುರ್ಶಿದಾ ಎತ್ತಿಕೊಳ್ಳಬೇಕಾಯಿತು. ನಾಲ್ಕನೇ ಮಾಳಿಗೆಯಿಂದ ನಾನು ಮುಂದೆ ಹೊಗೆ ಬಿಡುತ್ತಾ, ಅವಳು ಹಿಂದೆ ಮಗುವನ್ನು ಎದೆಗೆ ಒತ್ತಿಕೊಂಡು, ಬರಿಗಾಲಿನಲ್ಲಿ ಇಳಿದೆವು. ಯಾರ ಮನೆಯಿಂದ ಹೊಗೆ ಬಂತೆಂದು ಯಾರೂ ಹುಡುಕಬೇಕಾಗಲಿಲ್ಲ.

ಅಗ್ನಿಶಾಮಕದವರು ಬಂದರು. ದೊಡ್ಡ ಟೋಪಿಯ ಅರಬಿ ಹುಡುಗ ನನ್ನ ಪಾತ್ರೆಯನ್ನು ಮೂಸಿ ನೋಡಿ ಏನೋ ಹೇಳಿ ನಕ್ಕ. ಅವನ ತಾಯಿಯೂ ಮನೆಯಲ್ಲಿ ಇದನ್ನೇ ಹಾಕುತ್ತಾಳಂತೆ, ಕಿಟಕಿ ತೆರೆದಿಟ್ಟು. ಹಾಗೆಂದು ಪಕ್ಕದ ಮಲಯಾಳಿ ಹೆಂಗಸು ನನಗೆ ಬಿಡಿಸಿ ಹೇಳಿದಳು. ಭೂಮಿ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಎಲ್ಲ ಮನೆ ನೋಡಿ ಮುಗಿಸುವವರೆಗೆ ಮೇಲೆ ಬಿಡುವುದಿಲ್ಲ ಎಂದರು. ಆ ಜನ ಬೇಸರ ಮಾಡಿಕೊಂಡರೆಂದುಕೊಂಡಿರಾ? ಹುಲ್ಲಿನಲ್ಲಿ ಕೂತೇ ಬಿಟ್ಟರು. ಯಾರೋ ಚಹಾ ತಂದರು, ಮಕ್ಕಳು ಚೆಂಡು ತಂದರು, ರಸ್ತೆಬದಿಯ ಜೋಳ ಸುಡುವವನಿಗೆ ಭರ್ಜರಿ ವ್ಯಾಪಾರ. ಹೊರಗೆ ಕೂರಲು ಇವರಿಗೆ ಒಂದು ನೆಪ ಸಾಕು. ಗಾಳಿ ಬೀಸುತ್ತಿತ್ತು. ಮುರ್ಶಿದಾಳ ತಲೆಬಟ್ಟೆ ಮೆಟ್ಟಿಲಿನಲ್ಲೆಲ್ಲೋ ಬಿದ್ದುಹೋಗಿತ್ತು. ನನ್ನ ಸೆರಗನ್ನೇ ಅವಳ ತಲೆಗೆ ಸುತ್ತಲು ಹೋದರೆ ಅವಳು ಮೆಲ್ಲಗೆ ನನ್ನ ಕೈ ಸರಿಸಿದಳು.

ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು, ಮುಖ ಮೇಲಕ್ಕೆತ್ತಿ. ಥ್ರೋಬಾಲಿನ ಹೆಂಗಸರು ಸುತ್ತ ಬಂದು ನಿಂತರು, ಯಾವಳೋ ಒಂದು ಸುಟ್ಟ ಜೋಳ ಕೈಗೆ ಕೊಟ್ಟಳು. ಹಸಿ ಬಾಣಂತಿಗೆ ಜೋಳ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅರ್ಧ ಮುಗಿಸಿದ್ದಳು. ಎಷ್ಟೋ ದಿನಗಳ ನಂತರ ಅವಳ ದವಡೆ ಅಲ್ಲಾಡಿದ್ದನ್ನು ನೋಡಿ ನನ್ನ ಬಾಯಿ ತಾನಾಗಿಯೇ ಮುಚ್ಚಿತು. ಆಮೇಲೆ ಮಡಿಲಲ್ಲಿದ್ದ ಮಗುವಿನ ಬಟ್ಟೆ ಸರಿಸಿ, ಬೀದಿದೀಪದ ಬೆಳಕಿಗೆ ತಿರುಗಿಸಿ, ತುಂಬ ಹೊತ್ತು ನೋಡಿದಳು. "ಉಮ್ಮ, ಇವಳ ಕಿವಿ ಉಪ್ಪನ ಹಾಗೇ ಉಂಟಲ್ಲ, ಹೊರಗೆ ನಿಂತುಕೊಂಡು" ಎಂದಳು. ಅಷ್ಟು ದಿನವೂ ಆ ಕಿವಿ ಹಾಗೇ ಇತ್ತು. ಮಗುವನ್ನು ಎತ್ತಿಕೊಳ್ಳಲು ನಾನು ಕೈ ಚಾಚಿದೆ, "ಇರಲಿ, ನನ್ನ ಹತ್ತಿರವೇ ಇರಲಿ" ಎಂದಳು. ನನಗೆ ಅಳು ಬಂತು. ಸಿಟ್ಟೂ ಬಂತು. ಪೆಟ್ಟಿಗೆ ತುಂಬ ತಂದ ಮದ್ದು ಮಾಡದ ಕೆಲಸವನ್ನು ಆ ರಸ್ತೆಬದಿಯ ಗಾಳಿ ಮಾಡಿತಲ್ಲ ಎಂದು.

ಮರುದಿನ ನಾನೇ ಬೆಡ್‌ಶೀಟ್ ಎಳೆದು ತೆಗೆದೆ. ಅಳಿಯನ ಜೊತೆ ಡಾಕ್ಟರರ ಹತ್ತಿರ ಹೋದೆವು. ಇದು ಹಠವೂ ಅಲ್ಲ, ಸೋಮಾರಿತನವೂ ಅಲ್ಲ, ಹೆರಿಗೆಯ ಮೇಲೆ ಕೆಲವರಿಗೆ ಬರುವ ಮನಸ್ಸಿನ ಕಾಯಿಲೆ, ಅದಕ್ಕೆ ಹೆಸರು ಉಂಟು, ಮದ್ದು ಉಂಟು, ಬೆಳಕಿಗೆ ಗಾಳಿಗೆ ಕರೆದುಕೊಂಡು ಹೋಗಿ, ಒಬ್ಬಳನ್ನೇ ಬಿಡಬೇಡಿ, ವಾರಕ್ಕೊಮ್ಮೆ ಬನ್ನಿ ಎಂದರು. ಗುಣವಾಗುತ್ತದಂತೆ. ಈಗ ದಿನಾ ಅಸರ್ ನಮಾಜು ಆದ ಮೇಲೆ ಕೆರೆಯ ಪಾರ್ಕಿಗೆ ಹೋಗುತ್ತೇವೆ. ಅವಳ ಕಿವಿಗೆ ಹತ್ತಿ ಮಾತ್ರ ನಾನು ಬಿಟ್ಟಿಲ್ಲ. ಕೆಲವು ದಿನ ಅರ್ಧ ಸುತ್ತಿಗೇ ಅಳುತ್ತಾ ಕೂರುತ್ತಾಳೆ, ಕೆಲವು ದಿನ ಪೂರ್ತಿ ಸುತ್ತು. ನಾನು ಪುನಃ ಚಾಪೆಯಲ್ಲಿ ಕೂತು ಚೀಲ ಕಾಯುತ್ತೇನೆ, ಮಗುವಿನ ಗಾಡಿಯೂ ನನ್ನ ಪಾಲಿಗೇ.

ಅವ್ವಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಕೂತಿರುವಾಗಲೇ ಅವರ ವಿಡಿಯೋ ಕಾಲ್ ಬಂತು. ಅಭ್ಯಾಸಬಲದಿಂದ ಎತ್ತಿಬಿಟ್ಟೆ. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಹಿಂದೆ ನೋಡಿದರು. "ಜುಲೈಕಾ, ನಿಮ್ಮ ಹಿಂದೆ ಬಾತುಕೋಳಿ ಎಂತಕ್ಕೆ ಉಂಟು?" ಎಂದರು. ಅಷ್ಟರಲ್ಲಿ ಮುರ್ಶಿದಾ ನೀರಿನ ಬದಿಯಿಂದ ಮಗುವನ್ನೆತ್ತಿಕೊಂಡು ನಡೆದು ಬರುವುದು ಅವರಿಗೆ ಕಂಡಿರಬೇಕು. ಫೋನ್ ಇಟ್ಟರು. ಅವತ್ತಿನಿಂದ ಬಂಟ್ವಾಳದಿಂದ ಕಾಲ್ ಇಲ್ಲ. ಮಗ ಮಾಡಿದರೂ ಎತ್ತುತ್ತಿಲ್ಲ. ಇವರ ತನಿಖೆಯೇ ಸಾಕಾಗಿತ್ತು ಎಂದುಕೊಂಡಿದ್ದೆ, ಈ ಮೌನ ಅದಕ್ಕಿಂತ ಕಷ್ಟ. ಮುರ್ಶಿದಾ ಅದನ್ನೂ ತನ್ನ ತಪ್ಪೆಂದು ತಲೆಗೆ ಹಚ್ಚಿಕೊಂಡಿದ್ದಾಳೆ.

ಆದ ಕಾರಣ ನೀವು ಶುಕ್ರವಾರ ಜುಮಾ ಮುಗಿಸಿ ಬಂಟ್ವಾಳಕ್ಕೆ ಹೋಗಬೇಕು. ಫೋನಿನಲ್ಲಿ ಆಗುವ ಕೆಲಸವಲ್ಲ. ಕ್ಷಮೆ ಕೇಳಬೇಡಿ, ಜಗಳವನ್ನೂ ಮಾಡಬೇಡಿ. ಡಾಕ್ಟರರು ಹೇಳಿದ್ದನ್ನು ಇದ್ದ ಹಾಗೆ ಹೇಳಿ. ಮಾತು ತಪ್ಪಿದ್ದು ಜುಲೈಕಾ, ಸೊಸೆಯಲ್ಲ ಎಂದು ಹೇಳಿ. ಅವರು ಬಯ್ದರೆ ಕೂತು ಕೇಳಿ, ನೀವು ಅದರಲ್ಲಿ ಪಳಗಿದವರು. ಕೊನೆಗೆ ಒಂದು ಫೋನ್ ಮಾಡಿಸಿಯೇ ಎದ್ದು ಬನ್ನಿ, ನನಗಲ್ಲ, ಮುರ್ಶಿದಾಳಿಗೆ. ಚಹಾ ಕೊಟ್ಟರೆ ಸಕ್ಕರೆ ಬೇಡ ಎನ್ನಿ.

ಮೊಯಿದಿನಬ್ಬನಿಗೆ, ಅಕ್ಕಪಕ್ಕದವರಿಗೆಲ್ಲ ನನ್ನ ಸಲಾಮ್. ಫಿದಾ ಈಗ ನನ್ನ ಕಾಲ ಮೇಲೆ ಮಲಗಿ ನಿಮ್ಮ ಕಿವಿಯನ್ನು ತೋರಿಸಿಕೊಂಡು ನಿದ್ದೆ ಮಾಡುತ್ತಿದ್ದಾಳೆ. ಅಲ್ಲಾಹನು ನಿಮ್ಮ ಮಂಡಿಗೂ ನಾಲಿಗೆಗೂ ಬಲ ಕೊಡಲಿ, ಈ ಶುಕ್ರವಾರ ಎರಡೂ ಬೇಕಾಗುತ್ತದೆ.

ಇತಿ,
ನಿಮ್ಮ
ಜುಲೈಕಾ

ತಾ.ಕ.: ರಂಜಿತ್ ಕೆಳಗೆ ಬಂದು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬಂಟ್ವಾಳಕ್ಕೆ ಹೋಗುವ ಮೊದಲು ಆಚಾರಿಯನ್ನು ಕರೆಸಿ ಒಳಕೋಣೆಯ ಕಿಟಕಿಯ ಮೊಳೆಗಳನ್ನೆಲ್ಲ ಕೀಳಿಸಿ. ಹಲಗೆ ಕುಂಬಾಗಿ ಪುಡಿ ಉದುರುತ್ತಿದ್ದರೆ ಹೊಸದು ಹಾಕಿಸಿ, ತೆರೆಯಲು ಬರುವಂಥದ್ದು. ಶಿಫಾನಾ ಆ ಕೋಣೆಗೆ ಬರುವಷ್ಟರಲ್ಲಿ ಅಲ್ಲಿ ಗಾಳಿ ಆಡಬೇಕು. ಡಾಕ್ಟರರು ಮುರ್ಶಿದಾಳ ಬಗ್ಗೆ ಒಂದೊಂದೇ ಹೇಳುತ್ತಿದ್ದಾಗ ನಾನು ಪಕ್ಕದ ಕುರ್ಚಿಯಲ್ಲಿ ಕೂತು ನನ್ನದೇ ಬಾಣಂತನದ ಕಥೆ ಕೇಳಿಸಿಕೊಳ್ಳುತ್ತಿದ್ದೆ. ಅದಕ್ಕೆ ಹೆಸರು ಉಂಟೆಂದು ನನಗೆ ಗೊತ್ತಿರಲಿಲ್ಲ. ನೀವು ಹಿತ್ತಲಿನಲ್ಲಿ ನಿಂತು ಹಲಗೆ ತಟ್ಟುತ್ತಿದ್ದದ್ದು ಪ್ರತಿ ಸಲವೂ ನನಗೆ ಕೇಳುತ್ತಿತ್ತು. ಎದ್ದು ಬರಲು, ಒಂದು ಮಾತು ಆಡಲು ನನ್ನಿಂದ ಆಗುತ್ತಿರಲಿಲ್ಲ. ನಿದ್ದೆ ಬಂದಿತ್ತು ಎಂದು ಉಮ್ಮನ ಕೈಯಲ್ಲಿ ಹೇಳಿಸುತ್ತಿದ್ದೆ. ನಿದ್ದೆ ಬಂದಿರಲಿಲ್ಲ. ಮೊದಲು ಆ ಮೊಳೆ ಕೀಳಿಸಿ.